ಶಾಮಿಯಾನದ ಅಧ್ಯಕ್ಷರು

ಕಳೆದ ತಿಂಗಳು ರಾಮನಗರದಲ್ಲಿ ನಮ್ಮ ಅಧ್ಯಕ್ಷರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಬದುಕಿದ್ದಾಗ ಅವರನ್ನು ಕಂಡರೆ ಪಕ್ಕದ ಗಲ್ಲಿಗೆ ನುಗ್ಗುತ್ತಿದ್ದವರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ವೇದಿಕೆಯ ಮೇಲೆ ಒಬ್ಬ ಮುಖಂಡರು ಕರ್ಚೀಫಿನಿಂದ ಕಣ್ಣೊರೆಸಿಕೊಂಡು, "ಮೃತರು ಅಜಾತಶತ್ರುವಾಗಿದ್ದರು" ಎಂದರು. ನನ್ನ ಪಕ್ಕದಲ್ಲಿದ್ದ ಗೆಳೆಯ ಅಂತೋಣಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಿತ್ತು. ಇದೇ ಮುಖಂಡರು ಕೆಲವು ವರ್ಷಗಳ ಹಿಂದೆ ನಡುರಸ್ತೆಯಲ್ಲಿ ನಿಂತು, ಇದೇ ಅಜಾತಶತ್ರುವನ್ನು ತೋರಿಸಿ, "ಇವನನ್ನ ಊರು ಬಿಡಿಸ್ಬೇಕು ಕಣ್ರೋ" ಎಂದು ಕೂಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆದರೆ ಬರೀ ಒಳ್ಳೆಯದನ್ನೇ ಆಡಿದರೆ ಸತ್ತದ್ದು ಯಾರು ಎಂದೇ ಗೊತ್ತಾಗುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಅವರು ಅದನ್ನು ಊರಿನ ಗೋಡೆ, ಕಂಬಗಳ ಮೇಲೆಲ್ಲ ಬೇಕಾದಷ್ಟು ಬರೆಸಿಕೊಂಡಿದ್ದಾರೆ.

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆಯ ಒಕ್ಕಲು ಮನೆತನ ಅವರದು. ಅಣ್ಣತಮ್ಮಂದಿರು ರಾಗಿ, ಹಿಪ್ಪುನೇರಳೆ ಎಂದು ಮಣ್ಣು ಹಿಡಿದರೆ ಇವರು ಮೈಕು ಹಿಡಿದರು. ರಾಮನಗರಕ್ಕೆ ಬಂದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಮತ್ತು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟರು. ಮದುವೆ, ತಿಥಿ, ಉರುಸು, ಗಣಪತಿ, ಕ್ರಿಸ್‌ಮಸ್ ಯಾವುದಿದ್ದರೂ ಅದೇ ಕೆಂಪು ಹಳದಿ ಬಟ್ಟೆ, ಅದೇ ಕಾಲು ಮುರಿದ ಕುರ್ಚಿ, ಅದೇ ಗೊರಗೊರ ಎನ್ನುವ ಹಾರ್ನು. ಮೈಕ್ ಬಾಡಿಗೆಗೆ ಪಡೆದವರಿಗೆ ಅದರ ಜೊತೆ ಅಧ್ಯಕ್ಷರ ಭಾಷಣ ಉಚಿತ, ಬೇಡವೆಂದರೂ ಬಿಡುತ್ತಿರಲಿಲ್ಲ. ಮೈಕಿಗೆ ಊದುವುದು, ಎಡಗೈಯಿಂದ ಕಾಲರ್ ಎಳೆದುಕೊಳ್ಳುವುದು, "ಎರಡೇ ಮಾತು ಹೇಳಿ ಮುಗಿಸ್ತೀನಿ" ಎನ್ನುವುದು. ತಿಳಿದವರು ಅಷ್ಟರೊಳಗೆ ಚಪ್ಪಲಿ ಹುಡುಕಿಕೊಂಡಿರುತ್ತಿದ್ದರು.

ಇಂಥವರು ನಮ್ಮ ಊರಿನ ಯುವಕ ಯುವತಿಯರ ಸೌಹಾರ್ದ ಬಳಗದ ಅಧ್ಯಕ್ಷರು. ಬಳಗದ ಪೂರ್ತಿ ಹೆಸರು ಒಂದು ಬ್ಯಾನರಿನಲ್ಲಿ ಹಿಡಿಸುತ್ತಿರಲಿಲ್ಲವಾದ್ದರಿಂದ ಎಲ್ಲರೂ ಬಳಗ ಎಂದಷ್ಟೇ ಕರೆಯುತ್ತಿದ್ದರು. ನಾವೆಲ್ಲ ಕಾಲೇಜಿನವರು, ಹೊಸದಾಗಿ ಕೆಲಸಕ್ಕೆ ಸೇರಿದವರು. ಅಧ್ಯಕ್ಷರ ತಲೆಯಲ್ಲಿ ಆಗಲೇ ಬಿಳಿಕೂದಲು ಇಣುಕಿತ್ತು. ಆದರೂ ಯುವಕ ಎನ್ನುವ ಪದದ ಬೇಲಿಯನ್ನು ಪ್ರತಿ ವರ್ಷವೂ ಒಂದಿಷ್ಟು ಮುಂದಕ್ಕೆ ನೆಟ್ಟುಕೊಂಡು ಒಳಗೇ ಉಳಿದಿದ್ದರು.

ಅವರಿಗೆ ಶಾಂತಿಯ ಮೇಲೆ ಇಷ್ಟು ಪ್ರೀತಿ ಯಾಕೆ ಎಂದು ಒಮ್ಮೆ ಕೇಳಿದೆ. ಮಾನವೀಯತೆ, ಸಂವಿಧಾನ ಎಂದು ಏನಾದರೂ ಹೇಳುತ್ತಾರೆಂದುಕೊಂಡಿದ್ದೆ.

"ಗಲಾಟೆ ಆಯ್ತು ಅಂದ್ಕೊಳಮ್ಮ. ನೂರಾ ನಲವತ್ನಾಕು ಹಾಕ್ತಾರೆ. ಜನ ಸೇರಂಗಿಲ್ಲ. ಜನ ಸೇರ್ದಿದ್ರೆ ಶಾಮಿಯಾನ ಯಾರ್ ತಕೋತಾರೆ? ಗೋಡೌನಲ್ಲಿ ಇಲಿ ಕಡ್ಕೊಂಡು ಕೊಳೀತದೆ" ಎಂದರು.

ಶಾಂತಿಗೆ ಇಷ್ಟು ಪ್ರಾಮಾಣಿಕ ಕಾರಣವನ್ನು ನಾನು ಆಮೇಲೆ ಯಾವ ದೊಡ್ಡವರ ಬಾಯಲ್ಲೂ ಕೇಳಿಲ್ಲ.

ನಾನು ಬಳಗಕ್ಕೆ ಸೇರಿದ್ದು ಪದವಿಯ ಕೊನೆಯ ವರ್ಷದಲ್ಲಿ. ನಮ್ಮ ಅಬ್ಬಾ ರೇಷ್ಮೆಗೂಡು ಕೊಂಡು ನೂಲು ತೆಗೆಸುವ ಸಣ್ಣ ಫಿಲೇಚರ್ ನಡೆಸುತ್ತಿದ್ದರು. ಅಣ್ಣ ಸಲೀಂ ದಿನಾ ಬೆಳಗ್ಗೆ ಸ್ಕೂಟರಿನಲ್ಲಿ ಗೂಡಿನ ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿದು ತರುತ್ತಿದ್ದ. ಬೆಳೆಯುವವರು ಹಳ್ಳಿಯ ರೈತರು, ಕೊಳ್ಳುವವರು ನಾವು. ತೂಕದಲ್ಲಿ ಜಗಳವಾಡಿ, ಟೀ ಅಂಗಡಿಯಲ್ಲಿ ರಾಜಿಯಾಗಿ, ಮಾರನೆಯ ದಿನ ಮತ್ತೆ ತೂಕದಲ್ಲಿ ಜಗಳವಾಡುವುದು ತಾತಂದಿರ ಕಾಲದಿಂದ ನಡೆದುಬಂದಿತ್ತು. ಇದಕ್ಕೆ ಸೌಹಾರ್ದ ಎನ್ನುತ್ತಾರೆ ಎಂದು ನಮಗೆ ತಿಳಿದದ್ದು ಅಧ್ಯಕ್ಷರು ಬ್ಯಾನರ್ ಕಟ್ಟಿಸಿದ ಮೇಲೆ.

ಮೊದಲ ಕಾರ್ಯಕ್ರಮಕ್ಕೆ ಚೂಡಿದಾರ್ ಹಾಕಿ, ತಲೆಗೆ ದುಪಟ್ಟಾ ಹೊದ್ದು ಹೋದೆ. ನನ್ನನ್ನು ನೋಡಿ ಅಧ್ಯಕ್ಷರ ಮುಖ ಬಾಡಿತು.

"ಬುರ್ಖಾ ಹಾಕ್ಕೊಂಡ್ ಬರ್ಬಾರ್ದಿತ್ತೇನಮ್ಮ? ಫೋಟೋದಲ್ಲಿ ನೀನ್ ಯಾರು ಅಂತ ಎಂಗ್ ಗೊತ್ತಾಗ್ಬೇಕು?"

"ನೀವು ಯಾರು ಅಂತ ಹೇಗೆ ಗೊತ್ತಾಗುತ್ತೆ ಅಣ್ಣ?"

"ನಂದು ಬ್ಯಾನರಲ್ಲೇ ಐತಲ್ಲ."

ಮುಂದಿನ ಸಲ ಅಮ್ಮಿಯ ಬುರ್ಖಾ ಹಾಕಿಕೊಂಡು ಹೋದೆ. ಅಮ್ಮಿ ವರ್ಷಗಟ್ಟಲೆ ಗೋಗರೆದರೂ ನನಗೆ ತೊಡಿಸಲಾಗದಿದ್ದ ಬುರ್ಖಾವನ್ನು ಜಾತ್ಯತೀತತೆ ಒಂದೇ ವಾರದಲ್ಲಿ ತೊಡಿಸಿತು.

ಅಂತೋಣಿಯ ಪಾಡು ಇನ್ನೂ ಕಷ್ಟ. ಕನಕಪುರ ಕಡೆಯ ಕ್ರೈಸ್ತ ರೈತರ ಮಗ ಅವನು; ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಬಳಗದಲ್ಲಿ ಅವನ ಧರ್ಮದವನು ಅವನೊಬ್ಬನೇ. ಅವನಿಗೆ ಜ್ವರ ಬಂದರೆ ಕಾರ್ಯಕ್ರಮ ಮುಂದಕ್ಕೆ ಹೋಗುತ್ತಿತ್ತು. "ಅವ್ನಿಲ್ದಿದ್ರೆ ಸರ್ವಧರ್ಮ ಎಂಗಾಗ್ತದೆ? ಎರಡೇ ಧರ್ಮ ಆಗ್ತದೆ" ಎಂದು ಅಧ್ಯಕ್ಷರು ಅವನಿಗೆ ತಾವೇ ಮಾತ್ರೆ ಕೊಂಡೊಯ್ದು ಕೊಡುತ್ತಿದ್ದರು.

ಬಳಗದ ಸಾಧನೆಗಳು ಒಂದೆರಡಲ್ಲ. ಒಮ್ಮೆ ಎಲ್ಲ ಧರ್ಮದವರ ಸಹಭೋಜನ ಏರ್ಪಡಿಸಿದೆವು. ಮಾಂಸ ಕೂಡದು ಎಂದವರು, ಮಾಂಸವಾದರೆ ಹಲಾಲ್ ಆಗಿರಬೇಕು ಎಂದವರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂದವರು, ಅಡುಗೆ ಮಾಡುವವರು ಯಾರು ಎಂದು ಮೆಲ್ಲಗೆ ವಿಚಾರಿಸಿದವರು ಎಲ್ಲರೂ ಇದ್ದರು. ಯಾರ ನಂಬಿಕೆಗೂ ಧಕ್ಕೆಯಾಗದಂತೆ ಕೊನೆಗೆ ಬಾಳೆಹಣ್ಣು ಮತ್ತು ಬಿಸ್ಕತ್ತು ಹಂಚಿದೆವು. ಆಮೇಲೆ ಎಲ್ಲರೂ ಬೇರೆ ಬೇರೆ ಹೋಟೆಲುಗಳಿಗೆ ಹೋಗಿ ಹೊಟ್ಟೆ ತುಂಬ ಉಂಡೆವು.

ಇನ್ನೊಮ್ಮೆ ಅತಿಥಿಗಳಿಗೆ ಕೊಡಲು ಚನ್ನಪಟ್ಟಣದಲ್ಲಿ ಮರದ ಪಾರಿವಾಳ ಮಾಡಿಸಿದರು. ಬೊಂಬೆ ಮಾಡುವವರು ಮಕ್ಕಳ ಬಾತುಕೋಳಿಗೆ ಒಗ್ಗಿದವರು. ಬಂದದ್ದು ಗಾಲಿ ಇದ್ದ ಪಾರಿವಾಳ. ದಾರ ಕಟ್ಟಿ ಎಳೆದರೆ ಟಕಟಕ ಎಂದು ರೆಕ್ಕೆ ಬಡಿಯುತ್ತಿತ್ತು. ಮುಖ್ಯ ಅತಿಥಿಗಳು ಅದನ್ನು ಮೇಜಿನ ಮೇಲೆ ಇಟ್ಟರು. ಮೇಜು ಅಧ್ಯಕ್ಷರ ಅಂಗಡಿಯದು, ಅಂದಮೇಲೆ ಒಂದು ಕಡೆಗೆ ವಾಲಿತ್ತು. ಶಾಂತಿ ನಿಧಾನವಾಗಿ ಉರುಳಿಕೊಂಡು ಹೋಗಿ ಕೆಳಗೆ ಬಿದ್ದು ಕತ್ತು ಮುರಿದುಕೊಂಡಿತು.

ಸೌಹಾರ್ದ ಕ್ರಿಕೆಟ್ ಪಂದ್ಯ ನಡೆಸಿದಾಗ ನೋಬಾಲಿನ ವಿಷಯಕ್ಕೆ ಹೊಡೆದಾಟವಾಗಿ ಪೊಲೀಸರು ಬಂದರು. ಅಧ್ಯಕ್ಷರು ಎದೆಯುಬ್ಬಿಸಿ ವಿವರಣೆ ಕೊಟ್ಟರು: "ಸಾರ್, ಎಲ್ಲಾ ಜಾತಿಯೋರೂ ಎಲ್ಲಾ ಜಾತಿಯೋರ್ಗೂ ಹೊಡ್ದವ್ರೆ. ನಮ್ಮಲ್ಲಿ ಭೇದಭಾವ ಇಲ್ಲ."

ಅವರ ಭಾಷಣದ ವಸ್ತು ಒಂದೇ, ಅವರ ತಾತನ ಎತ್ತು. ತಾತನ ಎತ್ತಿಗೆ ಹೊಟ್ಟೆ ಉಬ್ಬರ ಬಂದು ನೆಲ ಹಿಡಿದಾಗ, ದಾರಿಯಲ್ಲಿ ಹೋಗುತ್ತಿದ್ದ ಸಾಬರೊಬ್ಬರು ಔಷಧಿ ಹಾಕಿ ಬದುಕಿಸಿದರಂತೆ. ಇಷ್ಟು ಹೇಳಲು ಅವರು ಎತ್ತನ್ನು ಕೊಂಡ ಸಂತೆಯಿಂದ ಶುರು ಮಾಡಬೇಕು. ಸಂತೆಯಿಂದ ತಾತನ ಮದುವೆಗೆ, ಮದುವೆಯಿಂದ ಆ ವರ್ಷದ ಮಳೆಗೆ, ಮಳೆಯಿಂದ ಕೆರೆ ಕೋಡಿಗೆ ಹೋಗಿ, ಎತ್ತಿನ ಹೊಟ್ಟೆ ಉಬ್ಬರಿಸುವ ಹೊತ್ತಿಗೆ ಶಾಮಿಯಾನದಲ್ಲಿ ಕುರ್ಚಿಗಳು ಮಾತ್ರ ಉಳಿದಿರುತ್ತಿದ್ದವು. ಆ ಎತ್ತು ಎದ್ದು ನಿಂತದ್ದನ್ನು ನಾನು ಒಮ್ಮೆಯೂ ಕೇಳಿಸಿಕೊಂಡಿಲ್ಲ.

ಅವರನ್ನು ಕಂಡು ನಾವು ನಗುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು. "ನಗ್ರಿ, ನಗ್ರಿ. ಒಟ್ಗೆ ಕುಂತ್ಕೊಂಡ್ ನಗ್ತಿದ್ದೀರಲ್ಲ, ಅಷ್ಟ್ ಸಾಕು" ಎನ್ನುತ್ತಿದ್ದರು. ಅದನ್ನೂ ಆಡಿಕೊಂಡು ನಕ್ಕಿದ್ದೆವು.

ಆ ವರ್ಷ ಮಾಗಡಿಯಲ್ಲಿ ಬಳಗದ ಸಮಾವೇಶ ಇಟ್ಟುಕೊಂಡೆವು. ಅಧ್ಯಕ್ಷರು ತಮ್ಮ ಗೂಡ್ಸ್ ಗಾಡಿಯಲ್ಲಿ ಶಾಮಿಯಾನ, ಬಿದಿರು ಗಳು, ಮೈಕು ಎಲ್ಲ ಹೇರಿಕೊಂಡು ತಾವೇ ಓಡಿಸಿಕೊಂಡು ಬಂದಿದ್ದರು. ಸಮಾವೇಶ ಎಂದಿನಂತೆ ಕುರ್ಚಿಗಳ ಸಮ್ಮುಖದಲ್ಲಿ ಯಶಸ್ವಿಯಾಯಿತು. ಹೊರಡುವಾಗ ಗಾಡಿಯ ಕ್ಲಚ್ ಹೋಯಿತು. ಅಲ್ಲೇ ಒಂದು ಗ್ಯಾರೇಜಿಗೆ ತಳ್ಳಿದೆವು. ಮೆಕ್ಯಾನಿಕ್ ಎರಡು ದಿನ ಬೇಕೆಂದ. ಗಳು, ಬಟ್ಟೆ ಎಲ್ಲವನ್ನೂ ಗಾಡಿಯ ಮೇಲೇ ಬಿಟ್ಟು, ನಾನು, ಅಂತೋಣಿ, ಅಧ್ಯಕ್ಷರು ಬಸ್ಸಿನಲ್ಲಿ ರಾಮನಗರಕ್ಕೆ ಬಂದೆವು. ಮೈಕಿನ ಪೆಟ್ಟಿಗೆಯನ್ನು ಮಾತ್ರ ಅವರು ಬಿಡಲಿಲ್ಲ. ಎಳೆಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಆಗ ಅವರ ಹೆಂಡತಿ ಬಾಣಂತನಕ್ಕೆಂದು ಉಯ್ಯಂಬಳ್ಳಿಯ ತವರಿಗೆ ಹೋಗಿದ್ದರು. ದಾರಿಯುದ್ದಕ್ಕೂ ಮಗುವಿನ ಮೂಗು ಯಾರದು ಎಂಬ ಬಗ್ಗೆ ಭಾಷಣ ಕೇಳಿಸಿಕೊಂಡೆವು. ಅಂದು ಸಂಜೆ ಗಾಳಿ ಬಿರುಸಾಗಿ ಬೀಸುತ್ತಿತ್ತು.

ಮಾರನೆಯ ಬೆಳಗ್ಗೆ ನಮ್ಮ ಗಲ್ಲಿಯ ಹತ್ತಿರದ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಹರಿದಿತ್ತು. ಯುವಕ ಸಂಘವೊಂದು ಹಬ್ಬಕ್ಕೆ ಶುಭಾಶಯ ಕೋರಿ ಕಟ್ಟಿದ್ದು. ಮೇಲೆ ದೇವರು, ಕೆಳಗೆ ಸಂಘದ ಹುಡುಗರ ಮುಖಗಳ ಸಾಲು. ದೇವರಿಗೆ ಏನೂ ಆಗಿರಲಿಲ್ಲ. ಹರಿದದ್ದು ಹುಡುಗರ ಮುಖ. ಆದರೆ ಅವಮಾನವಾದದ್ದು ಧರ್ಮಕ್ಕೆ.

ಹಿಂದಿನ ಸಂಜೆಯ ಗಾಳಿಗೆ ಹರಿದಿರಬಹುದಿತ್ತು. ಗಾಳಿಗೆ ಜಾತಿಯಿಲ್ಲವಾದ್ದರಿಂದ ಆ ಸಾಧ್ಯತೆಯನ್ನು ಯಾರೂ ಪರಿಗಣಿಸಲಿಲ್ಲ. ಯಾರೋ ಒಂದು ಸ್ಕೂಟರ್ ನೋಡಿದೆ ಎಂದರು. ಟೀ ಕುಡಿಯುವ ಹೊತ್ತಿಗೆ ಸ್ಕೂಟರಿನ ಮೇಲೆ ಗೂಡಿನ ಮೂಟೆ ಬಂತು. ತಿಂಡಿ ಹೊತ್ತಿಗೆ ಮೂಟೆಯ ಮುಂದೆ ಗಡ್ಡ ಬಂತು. ಆಮೇಲೆ ಅದು ಫಿಲೇಚರ್ ಸಾಬರ ಮಗನ ಸ್ಕೂಟರ್ ಎಂದು ತೀರ್ಮಾನವಾಯಿತು. ದಿನಾ ಆ ದಾರಿಯಲ್ಲಿ ಗೂಡು ತರುವವನು ನಮ್ಮಣ್ಣ ಸಲೀಂ.

ಗಲ್ಲಿಯ ಬಾಯಲ್ಲಿ ಜನ ಸೇರಿದರು. "ಸ್ಕೂಟರ್ ಈಚೆ ತತ್ತಿರೋ, ನಾವೇ ಒಳಗ್ ಬರವೋ?" ಎಂಬ ಕೂಗು ಮಹಡಿಯ ಮೇಲಿದ್ದ ನನಗೆ ಕೇಳಿಸುತ್ತಿತ್ತು. ನಮ್ಮ ಗಲ್ಲಿಯ ಹುಡುಗರೂ ಸುಮ್ಮನಿರಲಿಲ್ಲ. ಫಿಲೇಚರಿನ ಒಲೆಗೆಂದು ಒಟ್ಟಿದ್ದ ಸೌದೆಯಿಂದ ಒಳ್ಳೊಳ್ಳೆಯ ತುಂಡುಗಳನ್ನು ಆರಿಸುತ್ತಿದ್ದರು. ಕೆಳಗೆ ಅಬ್ಬಾ ಬಾಗಿಲಿಗೆ ಅಗುಳಿ ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದರು. ಸಲೀಂ ಒಳಕೋಣೆಯಲ್ಲಿ, "ನಾನು ಆ ಕಡೆ ನೋಡೇ ಇಲ್ಲ, ಕಸಮ್" ಎಂದು ಗೋಡೆಗೆ ಹೇಳುತ್ತಿದ್ದ. ಅಮ್ಮಿಯ ತುಟಿ ಮಾತ್ರ ಅಲುಗುತ್ತಿತ್ತು.

ನಾನು ಬಳಗದವರಿಗೆ ಫೋನ್ ಮಾಡಿದೆ. ಒಬ್ಬ ಊರಲ್ಲಿರಲಿಲ್ಲ. ಒಬ್ಬಳಿಗೆ ತಲೆನೋವು. ಒಬ್ಬನ ಫೋನ್ ಅವನ ತಾಯಿ ಎತ್ತಿ ಅವನಿಗೆ ಪರೀಕ್ಷೆ ಎಂದರು. ಅಂತೋಣಿ ಹಾರೋಹಳ್ಳಿಯಲ್ಲಿ ಪಾಳಿಯಲ್ಲಿದ್ದ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಎಲ್ಲರೂ ಒಂದರ ಹಿಂದೆ ಒಂದು ಪಾರಿವಾಳದ ಚಿತ್ರ ಹಾರಿಸುತ್ತಿದ್ದರು.

ಕೊನೆಗೆ ಅಧ್ಯಕ್ಷರಿಗೆ ಮಾಡಿದೆ. ಪೂರ್ತಿ ಹೇಳುವ ಮೊದಲೇ, "ಗೊತ್ತಾಯ್ತು ಕಣಮ್ಮ, ಬತ್ತೀನಿ. ಮೈಕ್ ತತ್ತೀನಿ" ಎಂದರು.

"ಮೈಕ್ ಯಾಕಣ್ಣ! ಪೊಲೀಸ್ರನ್ನ ಕರ್ಕೊಂಡ್ ಬನ್ನಿ!"

"ಪೊಲೀಸ್ರಿಗೂ ಹೇಳಿವ್ನಿ, ಬತ್ತಾವ್ರೆ. ಅಲ್ಲೀಗಂಟ ಯಾರಾನ ಮಾತಾಡ್ತಿರ್ಬೇಕಲ್ಲ?"

ಪರಿಚಯದ ಆಟೋದ ಮೇಲೆ ಹಾರ್ನ್ ಕಟ್ಟಿಸಿಕೊಂಡು ಬಂದರು. ಎರಡು ಗುಂಪುಗಳ ನಡುವೆ ಆಟೋ ನಿಲ್ಲಿಸಿ, ಅದರ ಪಕ್ಕದ ಚರಂಡಿ ಕಲ್ಲಿನ ಮೇಲೆ ಹತ್ತಿದರು. ಮೈಕಿಗೆ ಊದಿದರು. ಕಾಲರ್ ಎಳೆದುಕೊಂಡರು. "ಬಂಧುಗಳೇ, ಎರಡೇ ಮಾತು ಹೇಳಿ ಮುಗಿಸ್ತೀನಿ."

ಆ ಕಡೆಯಿಂದಲೂ ಈ ಕಡೆಯಿಂದಲೂ ಒಟ್ಟಿಗೆ ಒಂದು ನರಳಾಟ ಎದ್ದಿತು. ಅಂದು ಎರಡೂ ಕಡೆಯವರು ಒಮ್ಮತಕ್ಕೆ ಬಂದ ಮೊದಲ ವಿಷಯ ಅದು.

ತಾತ ಸಂತೆಗೆ ಹೊರಟರು. ಎತ್ತು ಕೊಂಡರು. ಮದುವೆಯಾದರು. "ಸಾಕು ಇಳಿಯೋ!" ಎಂದು ಯಾರೋ ಕೂಗಿದರು. "ಬಂದೆ, ಬಂದೆ, ಮಳೆ ಒಂದ್ ಹೇಳ್ಬುಡ್ತೀನಿ" ಎಂದು ಅಧ್ಯಕ್ಷರು ಕೆರೆ ಕೋಡಿಯ ಕಡೆ ನಡೆದರು. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದವರು ಜಗಲಿ ಹುಡುಕಿಕೊಂಡು ಕೂತರು. ಕೆಲವರು ಟೀ ಕುಡಿಯಲು ಹೋದರು. ಸೌದೆ ಹಿಡಿದಿದ್ದ ನಮ್ಮ ಹುಡುಗನೊಬ್ಬ ಆಕಳಿಸಿದ್ದನ್ನು ನಾನೇ ನೋಡಿದೆ. ಜನರಿಗೆ ಬೇಸರ ತರಿಸುವುದೂ ಒಂದು ಸಮಾಜಸೇವೆ ಎಂದು ಅಂದೇ ನನಗೆ ಹೊಳೆದದ್ದು.

ಆದರೆ ಪೊಲೀಸರು ಇನ್ನೂ ಬಂದಿರಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಕಣ್ಣೊರೆಸಿಕೊಂಡ ಆ ಮುಖಂಡರು ಗುಂಪನ್ನು ಸೀಳಿಕೊಂಡು ಮುಂದೆ ಬಂದರು.

"ನಿನ್ ಎತ್ತಿನ್ ಕಥೆ ಯಾವನಿಗ್ ಬೇಕ್ಲಾ? ಹರಿದೋನ್ ಯಾರು ಅದನ್ನ ಹೇಳು. ಇಲ್ಲಾ ಆ ಸ್ಕೂಟರಿನೋನ್ನ ನಮ್ ಕೈಗ್ ಕೊಡು!"

ಗುಂಪಿಗೆ ಮತ್ತೆ ಜೀವ ಬಂತು. ಒಂದು ಕಲ್ಲು ಹಾರ್ನಿಗೆ ತಗುಲಿ ಠಣ್ ಎಂದಿತು. ಮುಂದಿದ್ದವರು ಗಲ್ಲಿಯೊಳಕ್ಕೆ ಹೆಜ್ಜೆ ಇಟ್ಟರು. ನಮ್ಮ ಹುಡುಗರು ಸೌದೆ ಎತ್ತಿದರು. ಕೆಳಗೆ ಅಬ್ಬಾ "ಯಾ ಅಲ್ಲಾ" ಎಂದದ್ದು ಕೇಳಿಸಿತು.

ಅಧ್ಯಕ್ಷರು ಬಾಯಿ ತೆರೆದರು. ಏನೂ ಬರಲಿಲ್ಲ. ಮೈಕ್ ಕುಯ್ ಎನ್ನುತ್ತಿತ್ತು. ಮೈಕ್ ಕೈಯಲ್ಲಿರುವಾಗ ಆ ಮನುಷ್ಯ ಸುಮ್ಮನೆ ನಿಂತದ್ದನ್ನು ನಾನು ಹಿಂದೆ ನೋಡಿರಲಿಲ್ಲ.

"ನಾನೇ" ಎಂದರು.

ಯಾರಿಗೂ ಅರ್ಥವಾಗಲಿಲ್ಲ.

"ಹರಿದೋನು ನಾನೇ. ಬೆಳಗ್ಗೆ ಗಾಡೀಲಿ ಗಳು ತುಂಬ್ಕೊಂಡ್ ಬತ್ತಿದ್ದೆ. ಗಳು ಉದ್ದ ಇದ್ವು. ಫ್ಲೆಕ್ಸಿಗ್ ಸಿಕ್ಕಾಕ್ಕೊಂಡ್ ಹರಿದೋಯ್ತು. ಹೆದ್ರಿ ಸುಮ್ನಾಗ್ಬುಟ್ಟೆ. ತಪ್ಪಾಯ್ತು."

"ಗಾಡಿ ಎಲ್ಲಲಾ?"

"ಗ್ಯಾರೇಜಲ್ಲೈತೆ. ಕ್ಲಚ್ ಹೋಗೈತೆ."

ಕೊನೆಯ ಎರಡು ಮಾತಷ್ಟೇ ನಿಜ. ಗಾಡಿ ಹಿಂದಿನ ದಿನದಿಂದಲೂ ಮಾಗಡಿಯ ಗ್ಯಾರೇಜಿನಲ್ಲಿತ್ತು. ಅದನ್ನು ತಳ್ಳಿದ ಕೈಗಳಲ್ಲಿ ಎರಡು ನನ್ನವು.

ಗುಂಪು ಗೊಂದಲಕ್ಕೆ ಬಿತ್ತು. ಅಷ್ಟು ದೊಡ್ಡ ಕೋಪವನ್ನು ಹೊತ್ತು ತಂದವರಿಗೆ ಅದನ್ನು ಇಳಿಸಲು ಸಿಕ್ಕಿದ್ದು ಒಬ್ಬ ಶಾಮಿಯಾನದವನು, ಅದೂ ತಮ್ಮವನೇ. ಬಿಡುವಂತೆಯೂ ಇಲ್ಲ, ಧರ್ಮಯುದ್ಧ ಎನ್ನುವಂತೆಯೂ ಇಲ್ಲ. ಕೊನೆಗೆ ಬರಿಗೈಲಿ ಹೋಗುವುದು ಬೇಡವೆಂದು ಹಿಡಿದು ಬಡಿದರು. ಅಂಗಿ ಹರಿಯಿತು, ಒಂದು ಹಲ್ಲು ಹೋಯಿತು, ಮುಖಂಡರು ಊರು ಬಿಡಿಸುವ ಮಾತಾಡಿದ್ದು ಆಗಲೇ. ನಮ್ಮ ಗಲ್ಲಿಯವರು ಬಿಡಿಸಿಕೊಳ್ಳಲು ಓಡಿದರು ಎಂದುಕೊಂಡೆ. ಅವರೂ ಹೊಡೆದರು. "ನೀನ್ ಹರಿದು ಬಾಯ್ ಮುಚ್ಕೊಂಡಿದ್ದಕ್ಕೆ ನಮ್ ಹುಡುಗನ ಜೀವ ಹೋಗ್ತಿತ್ತಲ್ಲೋ!" ಎಂದು ಒಬ್ಬರು ಚಪ್ಪಲಿ ಬಿಚ್ಚಿದರು. ಅವರ ಮಾತೂ ಸರಿಯೇ. ಅಷ್ಟರಲ್ಲಿ ಪೊಲೀಸರು ಬಂದು ಅಧ್ಯಕ್ಷರನ್ನು ಜೀಪಿಗೆ ಹತ್ತಿಸಿಕೊಂಡರು. ಎಲ್ಲರೂ ಊಟದ ಹೊತ್ತಾಯಿತೆಂದು ಮನೆಗೆ ಹೋದರು. ಆ ದಿನ ರಾಮನಗರದಲ್ಲಿ ಒಂದು ಅಂಗಡಿಯ ಗಾಜೂ ಒಡೆಯಲಿಲ್ಲ.

ಸಂಜೆ ನಾನೂ ಅಂತೋಣಿಯೂ ಪೊಲೀಸರು ಅವರನ್ನು ಸೇರಿಸಿದ್ದ ಆಸ್ಪತ್ರೆಗೆ ಹೋದೆವು. ಅಧ್ಯಕ್ಷರ ಮುಖ ಊದಿ, ಮಾತು ಹಲ್ಲಿಲ್ಲದ ಸಂದಿಯಲ್ಲಿ ಸೋರುತ್ತಿತ್ತು.

"ಅಣ್ಣ, ಗಾಡಿ ಮಾಗಡೀಲಿದೆ" ಎಂದೆ.

"ನಿಮ್ಗೂ ಗೊತ್ತು, ನಂಗೂ ಗೊತ್ತು. ಸಾಕ್ ಬುಡು."

"ಯಾಕಣ್ಣ ಹಾಗೆ ಹೇಳಿದ್ರಿ?"

ಈಗಲಾದರೂ ಒಂದು ದೊಡ್ಡ ಮಾತು ಬರುತ್ತದೆ ಎಂದು ಕಾದೆ. ಅವರು ಸ್ವಲ್ಪ ಹೊತ್ತು ಮೇಲಿನ ಫ್ಯಾನು ನೋಡಿದರು.

"ಮಾತ್ ಮುಗ್ದೋಯ್ತು ಕಣಮ್ಮ. ಮಳೆ ಮುಗೀತು, ಎತ್ತು ಬ್ಯಾಡ ಅಂದ್ರು, ಇನ್ನೇನ್ ಹೇಳ್ಬೇಕೋ ಹೊಳೀನೇ ಇಲ್ಲ. ಅವ್ರು ಒಳಗ್ ನುಗ್ತಾ ಅವ್ರೆ. ಬಾಯಿಗ್ ಬಂದಿದ್ ಹೇಳ್ಬುಟ್ಟೆ."

ಅಂತೋಣಿ ಎದ್ದು ನಿಂತ. "ನಾಳೆ ಸ್ಟೇಶನ್ನಿಗೆ ಹೋಗಿ ನಿಜ ಹೇಳ್ಬುಡೋಣ ಅಣ್ಣ. ಮೆಕ್ಯಾನಿಕ್ ಸಾಕ್ಷಿ ಹೇಳ್ತಾನೆ."

"ಹೇಳಿದ್ರೆ? ಹಂಗಾದ್ರೆ ಹರಿದೋನ್ ಯಾರು ಅಂತ ತಿರ್ಗಾ ಹುಡ್ಕಕ್ ಬತ್ತಾರೆ. ಸಿಕ್ಕೋನ್ ಒಬ್ಬ ಅವ್ನೆ, ಅವ್ನೇ ಇರ್ಲಿ. ಯಾರ್ಗೂ ಹೇಳ್ಬ್ಯಾಡಿ" ಎಂದು ನನ್ನ ಕಡೆ ತಿರುಗಿದರು. "ನಿಮ್ ಅಪ್ಪಂಗೂ."

ಬಳಗ ತುರ್ತುಸಭೆ ಸೇರಿತು. ತಲೆನೋವು, ಪರೀಕ್ಷೆ ಎಲ್ಲ ವಾಸಿಯಾಗಿ ಎಲ್ಲರೂ ಬಂದಿದ್ದರು. ಬಳಗದ ಹೆಸರಿಗೆ ಮಸಿ ಬಳಿದ ಕಾರಣ ಅಧ್ಯಕ್ಷರನ್ನು ಸರ್ವಾನುಮತದಿಂದ ತೆಗೆದುಹಾಕಲಾಯಿತು. ನಾನೂ ಅಂತೋಣಿಯೂ ಕೈ ಎತ್ತಲಿಲ್ಲ. ಆದರೂ ಸರ್ವಾನುಮತ ಎಂದೇ ಬರೆದುಕೊಂಡರು. ನಾವಿಬ್ಬರೂ ಅಂದೇ ಬಳಗ ಬಿಟ್ಟೆವು. ಅಂತೋಣಿ ಹೋದ ಮೇಲೆ ಬಳಗ ಎರಡೇ ಧರ್ಮದ್ದಾಯಿತು, ನಾನು ಹೋದ ಮೇಲೆ ಫೋಟೋ ಹಾಳಾಯಿತು. ಆಮೇಲೆ ಅದು ಹೆಚ್ಚು ದಿನ ಬಾಳಲಿಲ್ಲ.

ಸರ್ವಧರ್ಮ ಸಮನ್ವಯ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅದರ ಮುಂದಿನ ದಿನಗಳಲ್ಲಿ. ಫ್ಲೆಕ್ಸ್ ಹರಿದವನೆಂದು ಅವರು, ಹರಿದು ಸುಮ್ಮನಿದ್ದವನೆಂದು ಇವರು, ಗಲಾಟೆಯವನೆಂದು ಉಳಿದವರು, ಎಲ್ಲರೂ ಅಧ್ಯಕ್ಷರ ಶಾಮಿಯಾನ ಬೇಡ ಎನ್ನುವುದರಲ್ಲಿ ಒಂದಾದರು. ಇಲಿಗಳಿಗೆ ಒಳ್ಳೆಯ ಕಾಲ ಬಂತು. ಬಾಣಂತನ ಮುಗಿಸಿ ಬಂದ ಹೆಂಡತಿಯನ್ನು, ಮಗುವನ್ನು ಸಾಕಲು ಅವರು ಅದೇ ಗಾಡಿಯಲ್ಲಿ ಚನ್ನಪಟ್ಟಣದ ಮರದ ದಿಮ್ಮಿ, ಕನಕಪುರದ ತರಕಾರಿ, ಯಾರದೋ ಮನೆ ಬದಲಾಯಿಸುವ ಸಾಮಾನು ಹೀಗೆ ಸಿಕ್ಕಿದ್ದನ್ನು ಹೊತ್ತರು. ಕರೆಯದಿದ್ದರೂ ಸಭೆಗಳಿಗೆ ಹೋಗಿ ಹಿಂದೆ ನಿಲ್ಲುತ್ತಿದ್ದರು. "ಎರಡು ಮಾತು" ಎಂದು ಬೆರಳೆತ್ತುತ್ತಿದ್ದರು. ಯಾರೂ ಕೊಡುತ್ತಿರಲಿಲ್ಲ.

ನನ್ನ ನಿಕಾಹ್ ಗೊತ್ತಾದಾಗ, ಶಾಮಿಯಾನ ಅವರದೇ ಆಗಬೇಕೆಂದು ಹಠ ಹಿಡಿದೆ. ಸಲೀಂ ಕೆಂಡವಾದ. "ಅವನ ದೆಸೆಯಿಂದ ನಾನು ಅವತ್ತು ಸಾಯ್ತಿದ್ದೆ!" ಎಂದ. ನಾನು ತುಟಿ ಕಚ್ಚಿಕೊಂಡೆ. ಅಬ್ಬಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಏನು ಕಂಡರೋ ಗೊತ್ತಿಲ್ಲ. "ಅವಳ ಮದುವೆ, ಅವಳ ಶಾಮಿಯಾನ. ಕಟ್ಟಲಿ ಬಿಡು" ಎಂದರು.

ಇಲಿ ಕಡಿದ ತೂತುಗಳಿಗೆ ತೇಪೆ ಹಾಕಿಸಿಕೊಂಡು ಬಂದು ಅಧ್ಯಕ್ಷರು ತಾವೇ ಏಣಿ ಹತ್ತಿ ಕಟ್ಟಿದರು. ಮೈಕ್ ಬೇಡವೆಂದಿದ್ದರೂ ತಂದಿದ್ದರು. ಊಟವಾಗಿ ಎಲ್ಲರೂ ಕೈತೊಳೆಯಲು ಹೋದಾಗ ಊದಿ ಶುರು ಮಾಡಿಯೇಬಿಟ್ಟರು. ಬಿರಿಯಾನಿಯ ದೇಗ್ ತೊಳೆಯುತ್ತಿದ್ದ ಅಡುಗೆಯವರು ತಾತನ ಮದುವೆಯವರೆಗೆ ಕೇಳಿಸಿಕೊಂಡರಂತೆ. ಆ ಮದುವೆಯಾದ ಮೇಲೆ ಊರಿನವರು ಒಬ್ಬೊಬ್ಬರಾಗಿ ಮತ್ತೆ ಅವರನ್ನು ಶಾಮಿಯಾನಕ್ಕೆ ಕರೆಯತೊಡಗಿದರು. ಜನ ಕ್ಷಮಿಸಿದರು ಎಂದುಕೊಳ್ಳಬೇಡಿ. ಉಳಿದ ಶಾಮಿಯಾನದವರು ಬಾಡಿಗೆ ಏರಿಸಿದ್ದರು.

ಹೋದ ತಿಂಗಳು ಅಧ್ಯಕ್ಷರಿಗೆ ಎದೆ ಹಿಡಿದುಕೊಂಡಾಗ ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು ಮಲಗಿದರಂತೆ. ಮತ್ತೆ ಏಳಲಿಲ್ಲ.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ನಾನೂ ಅಂತೋಣಿಯೂ ಅವರ ಮನೆಗೆ ಹೋದೆವು. ಮನೆಯ ಮುಂದೆ ಗೂಡ್ಸ್ ಗಾಡಿ ನಿಂತಿತ್ತು. ಅವರ ಹೆಂಡತಿ ನಮಗೆ ಚಾಪೆ ಹಾಸಿ, ತಾವು ಗೋಡೆಗೆ ಒರಗಿ ಕೂತರು.

"ಎಲ್ಲಾ ಚೆನ್ನಾಗ್ ಮಾತಾಡಿದ್ರು ಕಣಮ್ಮ. ಕೇಳಕ್ಕೆ ಅವ್ರೇ ಇರ್ಲಿಲ್ಲ" ಎಂದರು. ಆಮೇಲೆ ಬಾಗಿಲಾಚೆ ನೋಡುತ್ತ, "ಎಲ್ಲಾ ಆ ದರಿದ್ರದ್ ಗಾಡಿಯಿಂದ. ಅವತ್ತು ಒಸಿ ನೋಡ್ಕೊಂಡ್ ಓಡ್ಸಿದ್ರೆ ನಮ್ ಬಾಳು ಹಿಂಗಾಗ್ತಿರ್ಲಿಲ್ಲ. ನಾನು ಅದ್ರೊಳಗೆ ಒಂದ್ ದಿನಾನೂ ಕುಂತಿಲ್ಲ. ಮಾರ್ಬುಟ್ಟೆ, ನಾಳೆ ಚನ್ನಪಟ್ಟಣದೋರು ಬಂದು ತಕೊಂಡ್ ಹೋಗ್ತಾರೆ. ಹೋಗ್ಲಿ, ಪೀಡೆ. ದಿನಾ ಬಯ್ತಿದ್ದೆ ಅವ್ರಿಗೆ. ಸಾಯೋ ದಿನಾನೂವೆ ಬೈದೆ."

ನಾನು ಅಂತೋಣಿಯ ಮುಖ ನೋಡಿದೆ. ಅವನು ತಲೆಯಾಡಿಸಿದ.

"ಅಕ್ಕ, ಆ ಫ್ಲೆಕ್ಸ್ ಹರಿದಿದ್ದು ಅಣ್ಣ ಅಲ್ಲ. ಅವತ್ತು ಗಾಡಿ ಊರಲ್ಲೇ ಇರಲಿಲ್ಲ. ಮಾಗಡೀಲಿ ಕೆಟ್ಟು ನಿಂತಿತ್ತು. ನಾವಿಬ್ಬರೂ ಜೊತೇಲಿದ್ವಿ" ಎಂದೆ. ಅಂದು ಆದದ್ದನ್ನೆಲ್ಲ ಹೇಳಿದೆ. ಸಲೀಮನ ವಿಷಯ, ಆಸ್ಪತ್ರೆಯಲ್ಲಿ ಅವರು ಆಡಿದ ಮಾತು, ಎಲ್ಲವನ್ನೂ.

ಅವರು ನನ್ನನ್ನು ಬಿಟ್ಟು ಅಂತೋಣಿಯನ್ನು ಕೇಳಿದರು. "ದಿಟವಾ?"

"ದಿಟ ಅಕ್ಕ. ನಾನೇ ತಳ್ಳಿದ್ದೆ."

ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತಾರು ಎಂದುಕೊಂಡೆ. ಅಳಲಿಲ್ಲ.

"ನಾನ್ ಬಯ್ವಾಗೆಲ್ಲ 'ಗಳು ಉದ್ದ ಇದ್ವು ಕಣೆ, ಕಾಣ್ಲಿಲ್ಲ' ಅಂತಿದ್ರು" ಎಂದರು. "ನಂಗೊಂದ್ ಮಾತ್ ಹೇಳ್ಬಾರ್ದಿತ್ತಾ? ನಾನೇನ್ ಊರ್ಗೆಲ್ಲ ಸಾರ್ಕೊಂಡ್ ಬತ್ತಿದ್ನಾ?"

ಅವರು ಎದ್ದು ಒಳಗೆ ಹೋಗಿ ಫೋನ್ ತಂದರು. ನಿಂತೇ ನಂಬರ್ ಒತ್ತಿದರು.

"ಅಣ್ಣ, ನಾಳೆ ಬರ್ಬ್ಯಾಡಿ. ಗಾಡಿ ಕೊಡಾಕಿಲ್ಲ" ಎಂದರು. ಆ ಕಡೆಯವನು ಏನೋ ಕೇಳಿದ. "ಇಲ್ಲ, ಇಲ್ಲ, ರೇಟಿನ್ ಮಾತಲ್ಲ." ಮತ್ತೆ ಏನೋ ಕೇಳಿದ. ಅವರು ಬಾಗಿಲ ಬಳಿ ಹೋಗಿ ಗಾಡಿಯ ಕಡೆ ನೋಡಿದರು.

"ಅದೇನೂ ತಪ್ಪು ಮಾಡಿಲ್ಲ ಕಣಣ್ಣ" ಎಂದು ಫೋನ್ ಇಟ್ಟರು.